ಹಗೂರ ಶನಿ

ಗುರೂಜಿಯ ಬೋಳು ತಲೆಯ ಬಲಗಡೆ, ಕಿವಿಗಿಂತ ನಾಲ್ಕು ಬೆರಳು ಮೇಲೆ, ಹುಣಸೆ ಬೀಜದಷ್ಟು ದೊಡ್ಡ ಕೆಂಪು ಮಚ್ಚೆ ಇತ್ತು. ಅಕ್ಕ ಎಡಗಡೆ ಎನ್ನುತ್ತಾಳೆ. ಯಾವ ಕಡೆ ಇದ್ದರೂ, ಗಡಿಯಾಚೆ ನಿಲಂಗಾದ ಮರಾಠಿ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಅವರಿಗೆ ಅದಕ್ಕಿಂತ ಒಳ್ಳೆಯ ಪಾಠೋಪಕರಣ ಇರಲಿಲ್ಲ. ಗುರುಗ್ರಹದ ಪಾಠ ಬಂದಾಗ ಟೋಪಿ ತೆಗೆದು, ದಪ್ಪ ಶರೀರವನ್ನು ನಿಂತಲ್ಲೇ ಒಂದು ಸುತ್ತು ತಿರುಗಿಸಿ ಮಚ್ಚೆ ತೋರಿಸುತ್ತಿದ್ದರು. ಇದು ಬಿರುಗಾಳಿ, ನಮ್ಮ ಭೂಮಿಗಿಂತ ದೊಡ್ಡದು, ಒಳಗೆಲ್ಲ ಬರೀ ಗಾಳಿ, ನಿಲ್ಲಲು ನೆಲವಿಲ್ಲ, ಗುರು ಎಂದರೆ ಹಾಗೇ ಇರುತ್ತಾನೆ ಎಂದು ಮರಾಠಿಯಲ್ಲಿ ಹೇಳಿ ತಾವೇ ಮೊದಲು ನಗುತ್ತಿದ್ದರು.

ನಮ್ಮ ಓಣಿಗೆ ಬಂದರೆ ಕನ್ನಡ. ಪಕ್ಕದ ಮನೆಯವರಾದ್ದರಿಂದ ನಮಗೆಲ್ಲ ಒಂದೊಂದು ಗ್ರಹ ಹಂಚಿದ್ದರು. ಬೇಸಿಗೆಯಲ್ಲೂ ಕಂಬಳಿ ಹೊದೆಯುವ ನಮ್ಮ ಅಜ್ಜಿ ಶುಕ್ರ: "ಮೋಡ ಹೊದ್ದು ಕುಂತಾಳ, ಒಳಗ ಕುದೀತಾಳ." ಮಾತೆತ್ತಿದರೆ ಕೆಂಪಗಾಗುವ ಅಪ್ಪ ಮಂಗಳ: "ಅಂಜಬ್ಯಾಡ. ಆ ಕೆಂಪು ಬೆಂಕಿ ಅಲ್ಲ, ತುಕ್ಕು. ಒಳಗ ಥಂಡಗ ಅದಾನ." ನಾನು ಬುಧ. ಸಣ್ಣದು, ಬರೀ ಓಟ, ಹೊದೆಯಲು ಗಾಳಿಯೂ ಇಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದುತ್ತಿದ್ದಾಗ ಅಕ್ಕನಿಗೆ ದೇವಣಿಯಿಂದ ಸಂಬಂಧ ಬಂತು. ಹುಡುಗನನ್ನು ನೋಡಿದ್ದೇ ತಡ, ಮದುವೆಯಾದರೆ ಇವನನ್ನೇ ಎಂದು ಅಕ್ಕ ಹೇಳಿಬಿಟ್ಟಳು. ಆದರೆ ಹುಡುಗನ ಸೋದರಮಾವ, ಎತ್ತಿನ ವ್ಯಾಪಾರಿ, ಯಾರಿಗೋ ಜಾತಕ ತೋರಿಸಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕುಳಿತ.

"ಹುಡುಗಿಗಿ ಸಾಡೇಸಾತಿ ಶುರು ಆಗ್ಯಾದರಿ. ಏಳೂವರಿ ವರ್ಷ ಶನಿ ಹೆಗಲ ಮ್ಯಾಲ ಕೂಡತಾನ. ಭಾರ ಆಗತದ."

"ಲಿಂಗಾ ಕಟ್ಟಿದವರಿಗಿ ಎಲ್ಲಿ ಶನಿರೀ?" ಎಂದರು ಅಪ್ಪ.

"ಲಿಂಗಾ ನಾವೂ ಕಟ್ಟೀವಿ. ಅದು ಅದಕ್ಕ, ಇದು ಇದಕ್ಕ."

ನಾನು ಗುರುತ್ವಾಕರ್ಷಣೆಯ ನಿಯಮ ವಿವರಿಸಲು ಹೊರಟೆ. ಮಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪ ಗುರೂಜಿಯನ್ನು ಕರೆಸಿದರು.

ಗುರೂಜಿ ಬಂದವರೇ ಕೊಪ್ಪರಿಗೆಯಲ್ಲಿ ನೀರು ತರಿಸಿದರು. ಅದಕ್ಕೊಂದು ಕಬ್ಬಿಣದ ಗುಂಡು ಹಾಕಿದರು. ಮುಳುಗಿತು. "ಇದು ನಮ್ಮ ಪೃಥ್ವಿ." ಆಮೇಲೆ ಒಣಗಿದ ಸೋರೆಕಾಯಿಗೆ ಅಕ್ಕನ ಬಳೆ ತೊಡಿಸಿ ನೀರಿಗೆ ಬಿಟ್ಟರು. ತೇಲಿತು. "ಇಂವಾ ಶನಿ. ದೊಡ್ಡಂವ ಖರೆ, ಗಾತ್ರಕ್ಕ ತಕ್ಕ ತೂಕ ಇಲ್ಲ. ಹೆಗಲ ಮ್ಯಾಲ ಕೂತರ ಏನಾಗತದ? ಶನಿ ಹಗೂರ ಅದಾನರೀ."

ನಮ್ಮ ಕಡೆ 'ಹಗೂರ' ಎಂದರೆ ತೂಕ ಕಡಿಮೆ ಎಂದೂ ಹೌದು, ನಿಧಾನ ಎಂದೂ ಹೌದು. ಮಾವ ತೊಡೆ ತಟ್ಟಿದ. "ನಾ ಹೇಳ್ಲತ್ತಿದ್ದೂ ಅದೇ. ಹಗೂರ ಅದಾನ. ಅದಕ್ಕೇ ಲಗೂನ ಹೋಗಲ್ಲ."

ಒಳಗಿನಿಂದ ಅಕ್ಕ ಬಿಕ್ಕಿದ್ದು ಕೇಳಿಸಿತು. ಗುರೂಜಿ ಮಚ್ಚೆ ಕೆರೆದುಕೊಂಡರು. "ಅದೂ ಖರೆ. ಸೂರ್ಯನ ಸುತ್ತ ಒಂದು ಸುತ್ತಿಗಿ ಇಪ್ಪತ್ತೊಂಬತ್ತು ವರ್ಷದ ಮ್ಯಾಲ ಹಿಡೀತದ. ನಿಮ್ಮ ಹುಡುಗಗ ಎಷ್ಟು?"

"ಇಪ್ಪತ್ತೊಂಬತ್ತು ಮುಗೀಲಿಕ್ಕ ಬಂತು."

"ಹಂಗಾರ ಅಂವಾ ಹುಟ್ಟಿದಾಗ ಎಲ್ಲಿದ್ದನೋ, ಶನಿ ತಿರುಗಿ ಅಲ್ಲೇ ಬಂದಾನ."

ಗುರೂಜಿ ಹೇಳಿದ್ದು ಬರೀ ಭೂಗೋಳ. ಮಾವನ ಮುಖ ಇಳಿಯಿತು. "ಅಂದ್ರ ನಮ್ಮ ಹುಡುಗನ ಬೆನ್ನಿಗೂ ಹತ್ಯಾನ?"

"ಆಕಾಶದಾಗ ಇರೋದು ಒಬ್ಬನೇ ಶನಿರೀ. ಎಲ್ಲಾರಿಗೂ ಅಂವನೇ."

ಮಾವ ಬಗ್ಗಿ ತೇಲುತ್ತಿದ್ದ ಸೋರೆಕಾಯಿಯನ್ನು ಬೆರಳಿಂದ ಒತ್ತಿ ನೋಡಿದ. ಆಮೇಲೆ ಎತ್ತು ಕೊಳ್ಳುವ ದನಿಯಲ್ಲಿ ಹೇಳಿದ: "ಒಂದಕ್ಕೇ ಭಾರಾದರ ನೊಗ ವಾಲತದ. ಎರಡಕ್ಕೂ ಇದ್ದರ ಸರಿ ಕೂಡತದ. ಸಕ್ಕರಿ ತರ್ರಿ."

ನಿಶ್ಚಯದ ಸಕ್ಕರೆ ಹಂಚಿದೆವು. ಹೊರಗೆ ಚಪ್ಪಲಿ ಮೆಟ್ಟುತ್ತಾ ಗುರೂಜಿ ನನಗೆ ಮಾತ್ರ ಕೇಳುವಂತೆ, "ಮದಿವಿ ಪಾಸಾಯ್ತು, ಪಾಠ ಫೇಲಾಯ್ತು" ಎಂದರು. ನಾನು ಸುಮ್ಮನಿರಲಿಲ್ಲ. ಶನಿಗೆ ಗಟ್ಟಿ ನೆಲವಿಲ್ಲ, ನಿಜವಾಗಿ ನೀರಿಗೆ ಬಿದ್ದರೆ ತೇಲುವುದಿಲ್ಲ, ಚದುರಿ ಹೋಗುತ್ತದೆ ಎಂದೆ. "ಅಷ್ಟು ದೊಡ್ಡ ಕೊಪ್ಪರಿಗಿ ತಂದ ದಿನ ಹೇಳು, ಬುಧಪ್ಪಾ."

ಇದನ್ನು ಬರೆಯುವ ಮೊದಲು ದೇವಣಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. "ಸೋರಿಕಾಯಿ ಅಲ್ಲೋ, ತೆಂಗಿನಕಾಯಿ. ಬಳಿ ಹಿಡೀಲಿಲ್ಲ, ಒತ್ತಿ ಒತ್ತಿ ನನ್ನ ಬಳೀನೇ ಒಡದು ಬಿಟ್ಟರು. ಮತ್ತ ನಾ ಬಿಕ್ಕಲಿಲ್ಲ, ನಗಲತ್ತಿದ್ದೆ." ಆ ಬಳೆ ನನ್ನ ಕಣ್ಣ ಮುಂದೆ ಇನ್ನೂ ಇಡಿಯಾಗಿಯೇ ತೇಲುತ್ತಿದೆ. ಯಾರನ್ನು ನಂಬಲಿ?

ಹೋದ ಚಳಿಗಾಲದಲ್ಲಿ ಗುರೂಜಿ ತೀರಿಕೊಂಡರು. ವಿಮಾನ ಎನ್ನುವ ಹೂವಿನ ಚಟ್ಟದಲ್ಲಿ ಕೂರಿಸಿದ್ದರು. ಮಚ್ಚೆ ಯಾವ ಕಡೆಯದೆಂದು ಇಂದಾದರೂ ತೀರ್ಮಾನವಾಗಲಿ ಎಂದು ಹತ್ತಿರ ಹೋಗಿ ಬಗ್ಗಿದೆ. ತಲೆಯ ತುಂಬ ವಿಭೂತಿ ಬಳಿದಿದ್ದರು.

ಹೆಗಲು ಕೊಟ್ಟೆ. ಮುಂದಿನ ಕೋಲಿಗೆ ದೇವಣಿಯ ಮಾವನೇ ಇದ್ದ. ಓಣಿಯ ತಿರುವಿನಲ್ಲಿ ಅವನು ಹಿಂದಿದ್ದ ನಮಗೆ ಹೇಳಿದ: "ಹಗೂರ... ಹಗೂರ..."

ನಿಧಾನ ನಡೆಯಿರಿ ಎಂದು ಅವನು ಹೇಳಿದ್ದು. ಆದರೆ ಕಾಯಿಲೆ ಆ ಶರೀರದಲ್ಲಿ ಏನನ್ನೂ ಉಳಿಸಿರಲಿಲ್ಲ. ಇನ್ನೊಂದು ಅರ್ಥ ನನ್ನ ಹೆಗಲಿಗೆ ಗೊತ್ತಾಯಿತು. ಅದನ್ನು ಅಕ್ಕನಿಗೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕಾಗಿಲ್ಲ.