ಒಂದು ಉದ್ಧರಣೆ ಧರ್ಮದ್ರೋಹ

ನಮ್ಮ ಮನೆಯ ಸಕ್ಕರೆ ಡಬ್ಬಿಯಲ್ಲಿ ಒಂದು ತಾಮ್ರದ ಉದ್ಧರಣೆ ಇದೆ. ತೀರ್ಥ ಕೊಡುವ ಪುಟ್ಟ ಚಮಚ ಅದು. ಹಿಡಿಕೆಯ ತುದಿಗೊಂದು ಹಾವಿನ ಹೆಡೆ, ಆ ಹೆಡೆಯ ಗೆರೆಗಳೆಲ್ಲ ಮೂರು ತಲೆಮಾರಿನ ಹುಣಸೆಹಣ್ಣಿನ ತಿಕ್ಕಾಟಕ್ಕೆ ಸವೆದು ನುಣುಪಾಗಿವೆ. ದೇವರ ಮನೆಯಲ್ಲಿರಬೇಕಾದದ್ದು ಸಕ್ಕರೆ ಡಬ್ಬಿಗೆ ಹೇಗೆ ಬಂತೆಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಇಟ್ಟವಳು ನಾನೇ, ಬೇಕೆಂದೇ ಇಟ್ಟದ್ದು.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಅಪ್ಪನದು ಊರೂರು ತಿರುಗುವ ನೌಕರಿಯಾದ್ದರಿಂದ ಮ್ಯಾಟ್ರಿಕ್ ಓದಲು ನಾನು ಧಾರವಾಡದ ಸಪ್ತಾಪುರದಲ್ಲಿ ಅಜ್ಜನ ಮನೆಯಲ್ಲಿದ್ದೆ. ಅಜ್ಜ ನಿವೃತ್ತ ಶಾಲಾ ಮಾಸ್ತರರು, ತ್ರಿಕಾಲ ಸಂಧ್ಯಾವಂದನೆ ತಪ್ಪಿಸದವರು. ಅವರ ಕಿರಿಯ ಮಗ, ನನ್ನ ಕಾಕಾ, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಪಕ್ಕಾ ನಾಸ್ತಿಕ. ದೇವರಿಲ್ಲವೆಂದು ಅವನು ದಿನಾ ಊಟಕ್ಕೆ ಕೂತು ಸಾರುತ್ತಿದ್ದ, ಇಲ್ಲವೆಂಬುದಕ್ಕೆ ಪ್ರಮಾಣವೇನೆಂದು ಅಜ್ಜ ಅಷ್ಟೇ ಹುರುಪಿನಿಂದ ಕೇಳುತ್ತಿದ್ದರು, ಅಜ್ಜಿ ಇಬ್ಬರಿಗೂ ಸಾರು ಬಡಿಸುತ್ತಿದ್ದಳು. ಒಳಗೆ ಬರುವವನಿಗೆ ಆ ಮನೆಯಲ್ಲಿದ್ದದ್ದು ಒಂದೇ ಪ್ರಶ್ನೆ: “ಸ್ನಾನ ಆತೇನೋ?” ತಲೆಯೊಳಗೆ ಏನಿದೆಯೆಂದು ಯಾರೂ ಕೇಳುತ್ತಿರಲಿಲ್ಲ.

ಹಳೆಯ ರೋಮಿನ ಮಂದಿಯೂ ಹಾಗೆಯೇ ಇದ್ದರೆಂದು ಕಾಕಾ ಹೇಳುತ್ತಿದ್ದ. ಅವರಿಗೂ ನಮ್ಮಷ್ಟೇ ದೇವರುಗಳು. ಹೊಸ ದೇವರು ಬಂದರೆ ಸರಿದು ಕೂತು ಜಾಗ ಕೊಡುತ್ತಿದ್ದರು. ಚಕ್ರವರ್ತಿಯ ಮೂರ್ತಿಯ ಮುಂದೆ ಒಂದು ಚಿಟಿಕೆ ಧೂಪ ಹಾಕಿದರೆ ಸಾಕಿತ್ತು, ನಂಬಿ ಹಾಕಿದೆಯೋ ನಂಬದೆ ಹಾಕಿದೆಯೋ ಎಂಬ ವಿಚಾರಣೆಯಿಲ್ಲ. ಆ ಚಿಟಿಕೆಯನ್ನು ಹಾಕಲಾರೆವೆಂದು ಕೆಲವು ಕ್ರೈಸ್ತರು ಜೀವವನ್ನೇ ಕೊಟ್ಟರು. ಮುಂದೆ ಅದೇ ಧರ್ಮ ಸಿಂಹಾಸನ ಏರಿದಾಗ, ತಪ್ಪು ನಂಬುವುದೂ ಒಂದು ಅಪರಾಧವಾಯಿತು; ಧರ್ಮದ್ರೋಹಿಯೆಂಬ ಹಣೆಪಟ್ಟಿ ಜನರ ಹಣೆಗೆ ಬಿತ್ತು. ಇಷ್ಟು ಹೇಳಿ ಕಾಕಾ ಪ್ರತಿ ಸಲವೂ ನಗುತ್ತಿದ್ದ: “ಒಂದು ಚಿಟಿಕಿ ಧೂಪಕ್ಕ ಜೀವಾ ಕೊಟ್ರಲ್ಲ, ಹುಚ್ಚರು!”

ಅವನ ಆ ನಗು ನಿಂತದ್ದು ಒಂದು ಶ್ರಾವಣದಲ್ಲಿ. ಅವನ ವಿದ್ಯಾರ್ಥಿ ಯಲ್ಲಪ್ಪ ಗೋಪನಕೊಪ್ಪದವನು. ಊರಿನವರು ಮುಟ್ಟಿಸಿಕೊಳ್ಳದಿದ್ದ ಅವನ ಮನೆತನ ಕೆಲವು ವರ್ಷಗಳ ಹಿಂದೆ, ನಮ್ಮ ದೇವರುಗಳನ್ನೆಲ್ಲ ಕೈಬಿಟ್ಟು, ಬೌದ್ಧ ದೀಕ್ಷೆ ಪಡೆದಿತ್ತು. ಕಾಕಾ ಅಲ್ಲಿ ಉಂಡು ಬಂದ. ಮುಚ್ಚಿಡುವ ಸ್ವಭಾವ ಅವನದಲ್ಲ. ಯಲ್ಲಪ್ಪನ ಅವ್ವನ ರೊಟ್ಟಿ–ಝುಣಕದ ರುಚಿಯನ್ನು ಅಡುಗೆಮನೆಯಲ್ಲೇ ನಿಂತು ಹೊಗಳಿದ. ಅಜ್ಜನ ಮುಖ ಕಪ್ಪಿಟ್ಟಿತು. ಅವರು ಮೈಲಿಗೆ ಕಳೆಯಲೆಂದು ಹಸುವಿನ ಐದು ಪದಾರ್ಥಗಳ ಪಂಚಗವ್ಯ ಕಲಸಿ, ಇದೇ ಉದ್ಧರಣೆಯನ್ನು ಮಗನ ಮುಂದೆ ಹಿಡಿದರು.

“ನಂಬು ಅಂತ ಯಾರಂದ್ರು ನಿನಗ? ಬರೇ ಕುಡಿ. ಒಳಗ ಬಾ.”

“ಕುಡದ್ರ ಆ ತಾಯಿ ರೊಟ್ಟಿ ಹೊಲಸು ಅಂತ ಒಪ್ಪಿದ್ಹಾಂಗ ಆಗ್ತದ, ಅಪ್ಪಾ. ನಾ ಒಪ್ಪಂಗಿಲ್ಲ.”

ನೋಡಿ, ರೋಮಿನ ಅಧಿಕಾರಿಯ ಮಾತು ಅಜ್ಜನ ಬಾಯಲ್ಲಿ, ಆ ಹುಚ್ಚರ ಮಾತು ಕಾಕಾನ ಬಾಯಲ್ಲಿ! ನಮ್ಮ ಮನೆಯಲ್ಲಿ ಏನನ್ನಾದರೂ ಗಟ್ಟಿಯಾಗಿ ನಂಬಿದ್ದವನು ಆ ನಾಸ್ತಿಕನೊಬ್ಬನೇ ಎಂದು ನನಗೆ ಅರ್ಥವಾದದ್ದು ಬಹಳ ತಡವಾಗಿ. ಅಂದು ನನಗೆ ಕಂಡದ್ದು, ಹೊರಗಿನ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಒಬ್ಬನೇ ಉಣ್ಣುವ ಕಾಕಾ. ಅನ್ನ ಕಲಸುತ್ತಿದ್ದನೇ ಹೊರತು ಬಾಯಿಗಿಡುತ್ತಿರಲಿಲ್ಲ. ಅವನು ಮನೆ ಬಿಟ್ಟೇ ಹೋದಾನೆಂದು ನನಗೆ ಹೆದರಿಕೆಯಾಗಿತ್ತು; ಅಜ್ಜಿಗೆ ನನಗಿಂತ ಹೆಚ್ಚು.

ಎಂಟನೆಯ ದಿನ ಅಜ್ಜ ಮತ್ತೆ ಪಂಚಗವ್ಯ ಹಿಡಿದು ನಿಂತಾಗ ಅಜ್ಜಿ ಅವರ ಕೈಯಿಂದ ಉದ್ಧರಣೆ ಕಿತ್ತುಕೊಂಡಳು. “ಅವನ ಪಾಲಿಂದು ನಾ ಕುಡೀತೇನಿ. ಒಂಬತ್ತು ತಿಂಗಳು ಅವನ ಪಾಲಿಂದು ನಾನೇ ಉಂಡೇನಿ, ಇದೇನು ದೊಡ್ಡದು?” ಎಂದು ಗುಟುಕರಿಸಿಯೇಬಿಟ್ಟಳು. ಮತ್ತೊಬ್ಬರ ಪರವಾಗಿ ನಂಬಲು ಯಾರಿಗೂ ಬರುವುದಿಲ್ಲ, ನುಂಗಲು ಬರುತ್ತದೆಯಲ್ಲ! ಆದರೂ ಕಾಕಾ ಒಳಗೆ ಬರಲಿಲ್ಲ. ಆಗ ಅಜ್ಜಿ ತನ್ನ ತಾಟನ್ನೇ ಎತ್ತಿಕೊಂಡು ಹೊರಗೆ ಹೋಗಿ ಅವನ ಪಕ್ಕ ಕೂತಳು. “ನಿನ್ನ ಮೈಲಿಗಿ ಕುಡದ ಮ್ಯಾಲ ಅದು ನಂದಾತು. ನಾನೂ ಹೊರಗ.” ಅಜ್ಜನಿಗೆ ಬಡಿಸಿಕೊಟ್ಟು ದಿನಾ ಅವಳು ಹೊರಗೇ ಉಂಡಳು. ಅಜ್ಜ ನಾಲ್ಕು ದಿನ ತಡೆದರು. ಐದನೆಯ ದಿನ ಮಣೆಯನ್ನು ಕಂಕುಳಲ್ಲಿಟ್ಟುಕೊಂಡು ಪಡಸಾಲೆಗೆ ಬಂದು, “ಒಳಗ ಭಾಳ ಧಗಿ ಅದ” ಎಂದರು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದ ಯಾರಿಗಾದರೂ ಧಗೆಯಾದದ್ದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ.

ಹೀಗೆ ಯಾರೂ ಏನನ್ನೂ ಒಪ್ಪದೆ ನಮ್ಮ ಊಟ ಹೊರಗೆ ಬಂತು. ಪುಸ್ತಕ ಮರಳಿಸಲು ಯಲ್ಲಪ್ಪ ಒಂದು ದಿನ ಊಟದ ಹೊತ್ತಿಗೇ ಬಂದ. “ಬಾರಪಾ, ಕೂಡು” ಎಂದು ಅಜ್ಜಿ ಅವನಿಗೂ ತಾಟು ಹಾಕಿದಳು. “ಅವಗ ತುಪ್ಪಾ ಹಾಕು” ಎಂದರು ಅಜ್ಜ. ಅವನು ಹೋದ ಮೇಲೆ ಒಳಗೆ ಹೋಗಿ, ಬಾಗಿಲ ಮರೆಯಲ್ಲಿ, ಒಂದು ಉದ್ಧರಣೆ ಪಂಚಗವ್ಯ ಕುಡಿದರು. ನೋಡಿದವಳು ನಾನೊಬ್ಬಳೇ. ಅಜ್ಜನ ಮೇಲೆ ನನಗೆ ಅಷ್ಟು ಪ್ರೀತಿ, ಅಷ್ಟೇ ಸಿಟ್ಟು ಬಂದ ದಿನ ಇನ್ನೊಂದಿಲ್ಲ.

ನಮ್ಮಲ್ಲಿ ಧರ್ಮದ್ರೋಹಿಗಳೇ ಇರಲಿಲ್ಲವೆಂದು ಬಹಳ ವರ್ಷ ಹೆಮ್ಮೆಪಟ್ಟವಳು ನಾನು. ದೇವರಿಲ್ಲ ಎಂದವನಿಗೆ ಎರಡನೆಯ ಸಲ ಸಾರು ಬಡಿಸಿದ ಮನೆ ಅದು, ಸುಳ್ಳಲ್ಲ. ಆದರೆ ರೊಟ್ಟಿ ಬಡಿದವಳನ್ನು, ಅವಳು ಬಾಯಿ ತೆರೆಯುವ ಮೊದಲೇ, ಹೊರಗಿಟ್ಟಿದ್ದೆವಲ್ಲ. ಅವಳ ನಂಬಿಕೆ ಯಾವುದೆಂದು ವಿಚಾರಿಸುವ ಪ್ರಮೇಯವೇ ಬರಲಿಲ್ಲ.

ಅಜ್ಜ, ಅಜ್ಜಿ, ಕಾಕಾ ಈಗಿಲ್ಲ. ಹೆಡ್‌ಮಾಸ್ತರಾಗಿ ನಿವೃತ್ತನಾದ ಯಲ್ಲಪ್ಪ ಮಾತ್ರ ಆಗಾಗ ಬರುತ್ತಾನೆ. ಕಳೆದ ಸಲ ಚಹಾಕ್ಕೆ ಸಕ್ಕರೆ ಹಾಕುವಾಗ, ಇಷ್ಟು ವರ್ಷ ನುಂಗಿಕೊಂಡಿದ್ದ ಬಾಗಿಲ ಮರೆಯ ಸಂಗತಿಯನ್ನು ಹೇಳಿಬಿಟ್ಟೆ. ಉದ್ಧರಣೆಯನ್ನು ಅವನ ಮುಂದಿಟ್ಟೆ. ಅವನು ಅದನ್ನು ಎತ್ತಿಕೊಂಡು ಹೊರಳಿಸಿ ನೋಡಿದ.

“ಅವತ್ತ ಮನಿಗೆ ಹೋದ ಮ್ಯಾಲ ನಮ್ಮವ್ವ ಒಂದ ಮಾತು ಕೇಳಿದ್ಲರಿ ಅಕ್ಕಾರ: ‘ನಿನ್ನ ಒಳಗ ಕೂಡ್ಸಿದ್ರೋ, ಪಡಸಾಲ್ಯಾಗೋ?’ ಪಡಸಾಲ್ಯಾಗ, ಖರೇ, ಎಲ್ಲಾರೂ ಅಲ್ಲೇ ಕೂತು ಉಂಡ್ರು ಅಂತ ಹೇಳಿದೆ.”

“ಏನಂದ್ರೋ ಯಲ್ಲಪ್ಪಾ?”

“ಸಾಯೋತನಕ ನಂಬಲಿಲ್ಲರಿ ಆಕಿ.”

ಉದ್ಧರಣೆಯನ್ನು ಅವನು ನನ್ನ ಕೈಗೆ ಕೊಟ್ಟ. ನಾನು ಅದನ್ನು ತೊಳೆಯದೆ ಸಕ್ಕರೆ ಡಬ್ಬಿಗೆ ಹಾಕಿದೆ, ಚಹಾ ಆರುವವರೆಗೂ ನಾವಿಬ್ಬರೂ ಅಡುಗೆಮನೆಯಲ್ಲೇ ಕೂತಿದ್ದೆವು.