ಹನ್ನೆರಡು ಗಂಟೆಯ ಸೀಸೆ

ಚಾಪೆಗಾರನ ಮೂತ್ರದಲ್ಲಿ ರಕ್ತ ಬೀಳತೊಡಗಿ ನಾಲ್ಕು ತಿಂಗಳಾಗಿತ್ತು. ಮೂವತ್ತು ವರ್ಷದಿಂದ ಅವನು ಸೊಂಟಮಟ್ಟ ಕೆರೆನೀರಲ್ಲಿ ನಿಂತು ಜೊಂಡು ಕೊಯ್ಯುತ್ತಿದ್ದ. ಪಕ್ಕದಲ್ಲೇ ನಿಂತು ಹೆಂಡತಿ ಅದನ್ನು ತೊಳೆದು ಹೊರೆ ಕಟ್ಟುತ್ತಿದ್ದಳು. ಅವಳಿಗೆ ಅವನು ಬಾಯಿ ಬಿಟ್ಟಿರಲಿಲ್ಲ. ಅವನ ಅಪ್ಪ ಹೋದದ್ದೂ ಇದೇ ರಕ್ತದಲ್ಲಿ.

ಆಸ್ಪತ್ರೆಯವರು ಎರಡು ಸಲ ಮೂತ್ರ ಪರೀಕ್ಷೆ ಮಾಡಿ ಏನೂ ಕಾಣಲಿಲ್ಲವೆಂದರು. ಏನೂ ಕಾಣದೆ ರಕ್ತ ಬೀಳುವುದಾದರೆ ಅದು ಕ್ಯಾನ್ಸರೇ ಸೈ ಎಂದು ಅವನ ಮನಸ್ಸು ಒಳಗೊಳಗೇ ಚಟ್ಟ ಕಟ್ಟಿಬಿಟ್ಟಿತು. ದೊಡ್ಡಾಸ್ಪತ್ರೆಯ ಚೀಟಿ ಹಿಡಿದು ಹೊರಟಿದ್ದಾಗ, ಲ್ಯಾಬಿನ ಬಾಗಿಲಲ್ಲಿ ಒಬ್ಬ ಹೆಂಗಸು ತಡೆದಳು.

"ಏನಣ್ಣಾ, ಸೀಸೆ ತುಂಬಿದ್ದು ಎಷ್ಟೊತ್ತಿಗೆ?"

"ಕೋಳಿ ಕೂಗೋ ಹೊತ್ತಿಗೆ."

"ನೀನು ಎದ್ದಿದ್ದೆ ಸರಿ. ಒಳಗಿರೋರು ಎದ್ದಿರಬೇಕಲ್ಲ!"

ಜನ ಅವಳನ್ನು ಮೆಟ್ಟಿಲಕ್ಕ ಎನ್ನುತ್ತಿದ್ದರು. ಒಂದೇ ಕಿಟಕಿಯ ಆ ಕೋಣೆಯಲ್ಲಿ, ತಿರುಪಿಗೆ ಅಂಟುಪಟ್ಟಿ ಸುತ್ತಿದ ಸೂಕ್ಷ್ಮದರ್ಶಕದ ಮೇಲೆ ಇಪ್ಪತ್ತಾರು ವರ್ಷ ಬಗ್ಗಿ ಅವಳ ಕತ್ತು ಎಡಕ್ಕೆ ವಾಲಿತ್ತು. ರಕ್ತದ ಹುಳದ ಮೊಟ್ಟೆಗಳು ಹೆಚ್ಚಾಗಿ ಹೊರಬೀಳುವುದು ನಡುಹಗಲಿಗೆ, ಅದೂ ಮೈ ಕುಲುಕಿದ ಮೇಲೆ ಎಂದು ಬಲ್ಲವಳು ಅವಳು. ರೋಗಿಗಳನ್ನು ಮೆಟ್ಟಿಲು ಹತ್ತಿಸುವುದಕ್ಕೆ ಲ್ಯಾಬಿನ ಹೊಸ ಹುಡುಗಿಯರು ನಗುತ್ತಿದ್ದರು. ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮಗಳ ಬಾಣಂತನ ಮುಗಿಸಿ ರಜೆಯಿಂದ ಬಂದದ್ದು ಅವತ್ತೇ.

"ಹತ್ತು ಸಲ ಮೆಟ್ಟಿಲು ಹತ್ತಿ ಇಳಿ."

"ಮೊದಲೇ ಸಾಯ್ತಿರೋನು ನಾನು. ಕೊಂದೇಬಿಡ್ತೀಯೇನಕ್ಕಾ?"

"ಆಸ್ಪತ್ರೇಲೇ ಸಾಯ್ತೀಯಲ್ಲ, ಹೊತ್ಕೊಂಡು ಬರೋ ಖರ್ಚು ಉಳೀತು. ಹತ್ತು!"

ಹತ್ತಿದ. ಏದುಸಿರಲ್ಲೇ ಸೀಸೆ ತುಂಬಿದ. ಹನ್ನೆರಡು ಹೊಡೆದಿತ್ತು. ಅವಳು ಬಗ್ಗಿದವಳು ಎಷ್ಟೋ ಹೊತ್ತು ಏಳಲೇ ಇಲ್ಲ.

"ಬಾ, ನಿನ್ನ ಬಾಡಿಗೆದಾರರನ್ನ ನೋಡು."

ಬೆಳಕಿನ ವೃತ್ತದಲ್ಲಿ ಒಂದು ಸಣ್ಣ ಮೊಟ್ಟೆ, ತುದಿಗೊಂದು ಮುಳ್ಳು.

"ಈ ರಕ್ತದ ಹುಳಗಳು ಕೆರೆ ಬಸವನಹುಳದಿಂದ ನೀರಿಗಿಳಿದು, ನಿನ್ನ ಚರ್ಮ ತೂರಿ, ರಕ್ತನಾಳದಲ್ಲಿ ಸಂಸಾರ ಹೂಡಿದಾವೆ. ಈ ಮುಳ್ಳು ಚುಚ್ಚಿ ರಕ್ತ ಬರ್ತಿದೆ. ಮಾತ್ರೆಗೆ ಹೋಗುತ್ತೆ. ಮೂತ್ರಕೋಶ ಒಂದ್ಸಲ ತೋರಿಸ್ಕೋ, ಅಷ್ಟೆ."

"ಹಾಗಾದ್ರೆ... ಬದುಕ್ತೀನಾ?"

"ಮಾತ್ರೆ ನುಂಗಿದ್ರೆ."

ಜೊಂಡು ಕೊಯ್ದು ಗೀರುಗೀರಾದ ಎರಡೂ ಕೈ ಜೋಡಿಸಿದ. ಅವಳು ಆಗಲೇ ಮುಂದಿನ ಗಾಜು ಒರೆಸುತ್ತಿದ್ದಳು.

ಸಂಜೆ ಹೆಂಡತಿಗೆ ಎಲ್ಲ ಹೇಳಿದ. ಬೈಯುತ್ತಾಳೆಂದುಕೊಂಡಿದ್ದ. ಅವಳು ಹೆಣೆಯುತ್ತಿದ್ದ ಕೈ ನಿಲ್ಲಿಸಿ ತಲೆ ತಗ್ಗಿಸಿದಳು.

"ನಂಗೂ ಎರಡು ವರ್ಷದಿಂದ ಹಾಗೇ. ನೀವು ಹೆದರ್ಕೋತೀರ ಅಂತ ಹೇಳ್ಲಿಲ್ಲ."

"ಅಯ್ಯೋ ಹುಚ್ಚೀ!" ಎಂದವನೇ ಅಳುತ್ತ ನಕ್ಕುಬಿಟ್ಟ. ಒಂದು ಜೀವ ಉಳಿಯಿತೆಂದು ಕೈಮುಗಿದು ಬಂದಿದ್ದ. ಆ ಅಕ್ಕ ಕೊಟ್ಟು ಕಳಿಸಿದ್ದು ಎರಡು.