ಒಂದು ‘ಆದರೆ’ ನುಂಗಿದ ಕೆಲಸ

ಬೆಳಕು ಹರಿಯುವ ಹೊತ್ತಿಗೆ ಹೊನ್ನಾಳಿಯ ಕಚೇರಿ ಎದುರಿನ ಬೇವಿನ ಮರದಡಿ ಜಂಪಣ್ಣ ಚಾಪೆ ಹಾಸಿ ಕೂತಿದ್ದಾರೆ. ಇವರು ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುವವರು. ಯುದ್ಧ ಶುರುವಾದಂದಿನಿಂದ ಕಾಗದ ಸಿಗುವುದೇ ಕಷ್ಟ. ಹಳೇ ಲಕೋಟೆ ಬಿಡಿಸಿ ಒಳಮೈ ಮೇಲೆ ಕರಡು ಬರೆಯುತ್ತಾರೆ. ಎದುರಿಗೆ ನ್ಯಾಮತಿ ಕಡೆಯ ಸೂಲಗಿತ್ತಿ ಅಂತರಘಟ್ಟಮ್ಮ.

“ಮರುಮದುವೆ ಆಗೈತಾ ತಾಯಿ, ಇಲ್ಲಾ ಮುಂದೆ ಆಗಬೇಕಾ?”

“ನನಗ್ಯಾತರ ಮದುವೆ ಅಣ್ಣಾ? ಆಗಿಲ್ಲ, ಆಗೋದೂ ಇಲ್ಲ.”

ಪತ್ರಿಕೆಗೆ ಬರೆಯಲು ಬಂದ ನನಗೆ ನಡೆದದ್ದನ್ನು ಹೇಳುವಾಗ ಹೊಟ್ಟೆ ಉರಿಯುತ್ತದೆ. ಗಂಡನಿಲ್ಲದ ಈಕೆ ಆಸ್ಪತ್ರೆಯ ಕೆಲಸಕ್ಕೆ ಸೇರುವಾಗ “ಮರುಮದುವೆ ಆದರೆ ಕೆಲಸ ಬಿಡುತ್ತೇನೆ” ಎಂದು ಬರೆಸಿಕೊಟ್ಟಿದ್ದರು. ಮೇಲಿನ ಕಚೇರಿಯ ಗುಮಾಸ್ತರು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ಆದರೆ’ಗೆ ‘ಇಫ್’ ಹಾಕುವ ಬದಲು ‘ಬಟ್’ ಜಡಿದರು. ಮರುಮದುವೆಯಾಗಿದೆ, ಬಟ್ ಕೆಲಸ ಬಿಡುತ್ತೇನೆ! ತಲೆಬುಡವಿಲ್ಲದ ಈ ವಾಕ್ಯಕ್ಕೆ ಸಾಹೇಬರು ಕಣ್ಣುಮುಚ್ಚಿ ಮೊಹರು ಒತ್ತಿದರು. ಈಕೆ ಕೆಲಸ ಕಳೆದುಕೊಂಡು ಮೂರು ತಿಂಗಳಾಯಿತು. ಹೊಸ ಗಂಡ ಯಾರಮ್ಮಾ ಎಂದು ಊರವರು ಕೇಳುವುದು ಬೇರೆ. ಗುಮಾಸ್ತರಿಗೆ ಬಡ್ತಿ ಸಿಕ್ಕಿದೆ. ‘ಆದರೆ’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆಂದು ತಿಳಿಯದವರಿಗೆ ಇಂಗ್ಲಿಷೂ ಬಾರದು, ಕನ್ನಡವೂ ಬಾರದು. ಕುರ್ಚಿ ಮಾತ್ರ ಗಟ್ಟಿಯಾಗಿದೆ.

ಜಂಪಣ್ಣ ಓದಿದ್ದು ಕನ್ನಡ ನಾಲ್ಕನೇ ತರಗತಿ. ಜಗಳೂರಿನಲ್ಲಿ ಹನ್ನೊಂದು ವರ್ಷ ಸಾಹೇಬರೊಬ್ಬರ ತಲೆಮೇಲಿನ ಬಟ್ಟೆಯ ಪಂಕಾವನ್ನು ಹಗ್ಗ ಹಿಡಿದು ಎಳೆಯುತ್ತ, ಅವರು ಹೇಳಿ ಬರೆಸುವುದನ್ನು ಕೇಳಿಸಿಕೊಂಡು, ಬಿಸಾಡಿದ ಕರಡುಗಳನ್ನು ನೋಡಿಕೊಂಡೇ ಇಂಗ್ಲಿಷ್ ಕಲಿತರು. ದಿನಕ್ಕೆ ಏಳೆಂಟು ಅರ್ಜಿ. ಒಂದೊಂದರ ಕರಡಿನಲ್ಲೂ ಜೋಡಿಸುವ ಮಾತುಗಳಿಗೆ ಕೆಂಪು ಶಾಯಿಯಲ್ಲಿ ಸುತ್ತುಹಾಕಿ, ಬಂದವರನ್ನು ಎರಡೆರಡು ಸಲ ಕೇಳಿ, ಆಮೇಲೆ ಇಂಗ್ಲಿಷಿಗೆ ಕೈ ಹಾಕುತ್ತಾರೆ.

“ದೊಡ್ಡ ದೊಡ್ಡ ಪದ ಎಲ್ಲಾರಿಗೂ ಬರ್ತಾವ್ರೀ. ಅಂಡ್, ಆರ್, ಬಟ್, ಇಫ್ ಅಂತ ಸಣ್ಣ ಕೊಂಡಿ ಐತಲ್ಲ, ಅದು ತಪ್ಪಿದ್ರೆ ಬಂಡಿ ಒಂದ್ಕಡೆ, ಎತ್ತು ಒಂದ್ಕಡೆ.”

ಕಚೇರಿಯವರು ಇವರನ್ನು ಕರೆಯುವುದು ‘ಪಂಕಾ ಜಂಪ’ ಎಂದು. ತಮ್ಮ ಇಂಗ್ಲಿಷ್ ತಿದ್ದಿಸಿಕೊಳ್ಳಲು ಹಿಂಬಾಗಿಲಿನಿಂದ ಕರೆಸಿಕೊಳ್ಳುವವರೂ ಅವರೇ. ನಾಚಿಕೆಯಾಗಬೇಕು.

“ಅನ್ಲಿ ಬಿಡ್ರಿ” ಎನ್ನುತ್ತಾರೆ ಜಂಪಣ್ಣ. “ನಾನು ಬರೆದಿದ್ದು ಇವತ್ತಿನ ತನಕ ಅಡ್ಡ ಅರ್ಥ ಕೊಟ್ಟಿಲ್ಲ.”

ಕೆಲಸ ವಾಪಸು ಕೇಳುವ ಹೊಸ ಅರ್ಜಿಗೆ ಅಂತರಘಟ್ಟಮ್ಮ ಹೆಬ್ಬೆಟ್ಟು ಒತ್ತುತ್ತಾರೆ. “ಸಾಹೇಬರ ಹುಕುಂ ಆದರೆ ಅವತ್ತೇ ಕೆಲಸಕ್ಕೆ ಹೋಗ್ತೀನಿ” ಎಂದು ನನಗೆ ಹೇಳುತ್ತಾರೆ. ನಾನು ಬರೆದುಕೊಳ್ಳುವುದನ್ನು ಜಂಪಣ್ಣ ಬಗ್ಗಿ ನೋಡುತ್ತಾರೆ.

“ಹುಕುಂ ಇನ್ನೂ ಆಗಿಲ್ಲ, ಆಗಬೇಕು. ಪೇಪರ್‌ನಾಗೆ ನನ್ನ ಹೆಸರು ತಪ್ಪಾದ್ರೂ ಚಿಂತಿಲ್ರೀ. ಆಯಮ್ಮನ ‘ಆದರೆ’ ಮಾತ್ರ ಸರಿಯಾಗಿ ಬರೀರಿ.”